ಲಕ್ವಾ ರೋಗಿಗಳೂ ಅಂಕೆಸಂಖ್ಯೆಗಳೂ

ಪಾರ್ಶ್ವವಾಯುವಿಗೆ ನಮ್ಮ ರಾಯಚೂರು ಸೀಮೆಯಲ್ಲಿ ಲಕ್ವಾ ಎನ್ನುವರು. ಲಕ್ವಾ ಹೊಡೆದವನ ಮನೆಯವರು ವೈದ್ಯರಿಗೆ ಹಾಕುವ ಮೊದಲನೆಯ ಪ್ರಶ್ನೆ ಒಂದೇ: ಕೈ ಮತ್ತೆ ಬರುವುದೇ? ಇದಕ್ಕೆ ಸಂಖ್ಯಾಶಾಸ್ತ್ರದ ಆಧಾರದಿಂದ ಉತ್ತರ ಹೇಳುವ ಪದ್ಧತಿಯು ಈಗ ಬೇರೂರಿದೆ. ನೆದರ್ಲೆಂಡ್ಸ್ ದೇಶದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಎರಡನೆಯ ದಿನ ರೋಗಿಯು ಬೆರಳುಗಳನ್ನು ಕೊಂಚ ಬಿಚ್ಚಿ ತೋಳನ್ನು ಪಕ್ಕಕ್ಕೆ ಎತ್ತಬಲ್ಲನಾದರೆ, ಆರು ತಿಂಗಳ ತರುವಾಯ ಆ ಕೈಗೆ ಅಷ್ಟಿಷ್ಟು ಚಾತುರ್ಯ ಮರಳುವ ಸಂಭವ ನೂರಕ್ಕೆ 98. ಎರಡೂ ಆಗದಿದ್ದರೆ 25. ನ್ಯೂಜಿಲೆಂಡಿನ ಆಕ್ಲೆಂಡಿನಿಂದ 2017ರಲ್ಲಿ ಹೊರಬಂದ ಪದ್ಧತಿಯೂ ಇದೇ ಎರಡು ಚಲನೆಗಳಿಂದ ಆರಂಭವಾಗುತ್ತದೆ. ಅದರ ಮುನ್ಸೂಚನೆಯು ನಾಲ್ವರಲ್ಲಿ ಸುಮಾರು ಮೂವರ ವಿಷಯದಲ್ಲಿ ನಿಜವಾಯಿತು. ಈ ಮೊದಲ ಪರೀಕ್ಷೆಗೆ ಯಂತ್ರ ಬೇಡ. ಮಂಚದ ಬಳಿ ಎರಡು ನಿಮಿಷ ನಿಂತರೆ ಸಾಕು.

ಆದರೆ ಪರದೇಶದ ಸೂತ್ರವನ್ನು ಕಣ್ಣುಮುಚ್ಚಿ ಇಲ್ಲಿಗೆ ತರುವುದನ್ನು ನಾವು ಒಪ್ಪಲಾರೆವು. ದೇವದುರ್ಗ ತಾಲೂಕಿನ ಕೂಲಿಯವನು ಮೊದಲು ನಾಟಿ ಔಷಧಕ್ಕೆ ಹೋಗಿ, ವಾರ ಕಳೆದ ಮೇಲೆ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಯಾವ ಎರಡನೆಯ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕು? ಊರಿಗೆ ಮರಳಿದ ಮಾನ್ವಿ ಕಡೆಯವನು, ಜೊತೆಗೆ ಬರುವವನ ದಿನಗೂಲಿಯನ್ನೂ ಕಳೆದುಕೊಂಡು, ವಾರಕ್ಕೆ ಮೂರು ಸಲ ಬಸ್ಸು ಹತ್ತಬಲ್ಲನೇ? ವ್ಯಾಯಾಮ ಚಿಕಿತ್ಸೆ ದೊರೆಯದೆ ಕೈ ಬಾರದಿದ್ದರೆ ಅದು ರೋಗದ ಫಲವಲ್ಲ, ದೂರದ ಫಲ. ಸೂತ್ರಕ್ಕೆ ಈ ಭೇದ ತಿಳಿಯದು.

ಮತ್ತೊಂದು ಅಪಾಯವು ಇದಕ್ಕಿಂತ ಘೋರವಾದುದು. ನೂರಕ್ಕೆ 25 ಎಂದರೆ ಸೊನ್ನೆಯಲ್ಲ. ನಾಲ್ವರಲ್ಲಿ ಒಬ್ಬನ ಕೈ ಬರುತ್ತದೆ, ಆ ಒಬ್ಬನು ಯಾರೆಂಬುದನ್ನು ಅಂಕೆ ಹೇಳದು. ಕೈ ಬಾರದವನೂ ನಡೆಯಲು ಕಲಿಯಬಲ್ಲನು. ಆಸ್ಪತ್ರೆಯಲ್ಲಿ ಹಾಸಿಗೆ ಸಾಲದ ದಿನ ಈ ಅಂಕೆಯೇ ‘ಮನೆಗೆ ಕರೆದೊಯ್ಯಿರಿ’ ಎಂಬ ಅಪ್ಪಣೆಯಾಗಲು ತಡವಾಗದು. ಚಿಕಿತ್ಸೆಯ ಬಗೆಯನ್ನು ನಿಶ್ಚಯಿಸಲು ಅದನ್ನು ಬಳಸಲಿ. ಚಿಕಿತ್ಸೆಯನ್ನೇ ನಿರಾಕರಿಸಲು ಬಳಸಕೂಡದು.

ನಮ್ಮ ಜಿಲ್ಲೆಯ ಲೆಕ್ಕ ನಮ್ಮ ರೋಗಿಗಳಿಂದಲೇ ಹುಟ್ಟಬೇಕು. ಮಾನ್ವಿ, ದೇವದುರ್ಗಗಳ ತಾಲೂಕು ಆಸ್ಪತ್ರೆಗಳಲ್ಲಿ ಲಕ್ವಾ ಹೊಡೆದ ಗಳಿಗೆ, ರೋಗಿ ಬಂದ ದಿನ, ಬೆರಳು ತೋಳುಗಳ ಸ್ಥಿತಿ ಇವನ್ನು ತಪ್ಪದೆ ಬರೆದಿಡಲಿ. ಆಶಾ ಕಾರ್ಯಕರ್ತೆಯರು ಮೂರನೆಯ ಹಾಗೂ ಆರನೆಯ ತಿಂಗಳು ಮನೆಗೆ ಹೋಗಿ, ಅವನು ಉಣ್ಣುವುದು, ಮೀಯುವುದು, ನಡೆಯುವುದನ್ನು ನೋಡಿ, 1965ರಲ್ಲಿ ಪ್ರಕಟವಾದ ಬಾರ್ಥೆಲ್ ಮಾಪಕದ ನೂರು ಅಂಕಗಳಲ್ಲಿ ಗುರುತಿಸಲಿ. ಈ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಹಣ ಸಲ್ಲತಕ್ಕದ್ದು. ಹೆಣ್ಣುಮಕ್ಕಳನ್ನು ಪುಕ್ಕಟೆ ದುಡಿಸುವ ಚಾಳಿ ಸಾಕು. ಎರಡೂ ತಾಲೂಕುಗಳಲ್ಲಿ ಲಕ್ವಾ ರೋಗಿಗಳಿಗೆಂದೇ ಒಬ್ಬೊಬ್ಬ ಫಿಜಿಯೊಥೆರಪಿಸ್ಟರು ಇರುವಂತೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರು ಮುಂದಿನ ಕ್ರಿಯಾಯೋಜನೆಯಲ್ಲಿಯೇ ಹಣ ತೆಗೆದಿರಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ.