ಮೂರಾಗಿ ಕಂಡ ಮುಖ

ಶ್ರಾವಣ ಮಾಸದಲ್ಲಿ ಖಾನಾಪುರಕ್ಕೆ ಹೋಗುವ ಪ್ರಸಂಗವೊಂದು ಒದಗಿಬಂದಿತು. ಬೆಳಗಾವಿಯಿಂದ ಸುಮಾರು 26 ಕಿಲೋಮೀಟರಿನ ದಾರಿಯಾದರೂ ಮಳೆಯ ವಿಷಯದಲ್ಲಿ ಅದು ಬೇರೊಂದು ಸೀಮೆಯೇ ಸರಿ. ಶಹಾಪುರದಲ್ಲಿ ತುಂತುರಾಗಿದ್ದುದು ದೇಸೂರು ದಾಟುವಷ್ಟರಲ್ಲಿ ಧಾರೆಯಾಯಿತು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೆಂಪು ನೀರಿನಿಂದ ತುಂಬಿ ಹರಿಯುತ್ತಿದ್ದಳು. ನಾನು ಹೋದುದು ಬಹುಕಾಲದ ಪರಿಚಯದ ಸದ್ಭಕ್ತರೊಬ್ಬರ ಮನೆಗೆ. ಆ ಮನೆಯ ಯಜಮಾನರು ಲಿಂಗೈಕ್ಯರಾಗಿ ಹಲವು ವರುಷಗಳಾದವು. ಎಂಬತ್ತು ದಾಟಿದ ಅವರ ಧರ್ಮಪತ್ನಿಯವರು ಹಳೆಯ ಮನೆಯಲ್ಲಿಯೇ ಇದ್ದಾರೆ. ಮಗ ಬೆಳಗಾವಿಯಲ್ಲಿ ಉದ್ಯೋಗಸ್ಥ.

ಪಡಸಾಲೆಯಲ್ಲಿ ಕಪಾಟಿನಷ್ಟು ದೊಡ್ಡದಾದ ಟಿ.ವಿ.ಯೊಂದು ನಿಂತಿದೆ. 2003ರಲ್ಲಿ, ವಿಶ್ವಕಪ್ ಕ್ರಿಕೆಟ್ಟಿನ ದಿನಗಳಲ್ಲಿ, ಮಗ ಬೆಳಗಾವಿಯಲ್ಲಿ ಕೊಂಡ ಪ್ರೊಜೆಕ್ಷನ್ ಟಿ.ವಿ. ಅದು. ಮುಂದೆ ಅವನ ಮನೆಗೆ ತೆಳ್ಳನೆಯ ಎಲ್‌ಇಡಿ ಬಂದಾಗ ಇದು ಖಾನಾಪುರ ಸೇರಿತು. ಮಗಳ ಮದುವೆಯ 1994ರ ವಿಡಿಯೋ ಕ್ಯಾಸೆಟ್ಟನ್ನು ತಾಯಿಯವರು ಆಗಾಗ ಇದರಲ್ಲಿ ನೋಡುತ್ತಾರೆ. ಯಜಮಾನರು ನಡೆದಾಡುವ, ನಗುವ, ಮಾತಾಡುವ ಚಿತ್ರ ಆ ಮನೆಯಲ್ಲಿ ಉಳಿದಿರುವುದು ಅದೊಂದರಲ್ಲಿಯೇ.

ಪ್ರಸಾದವಾದ ಮೇಲೆ ತಾಯಿಯವರು ದನಿ ತಗ್ಗಿಸಿ ಹೇಳಿದರು: "ಶಾಸ್ತ್ರಿಗಳ್ರೀ, ನಿಮ್ಮ ಮುಂದ ಹೇಳಾಕ ಏನ ನಾಚಿಕಿ? ನಮ್ಮ ಮನಿಯವರ ಮಾರಿ ಈಗ ಮೂರಾಗಿ ಕಾಣಸ್ತದ. ಒಂದ ಕೆಂಪ, ಒಂದ ನೀಲಿ, ನಡುವ ಒಂದ. ಆಪರೇಷನ್ ಮಾಡಿಸಿದ ಕಣ್ಣ ಮತ್ತ ಕೆಟ್ಟಾವಂತ ಸುಮ್ಮ ಕುಂತೀನಿ. ಮಗಗ ಹೇಳಿದ್ರ ಮತ್ತ ದವಾಖಾನಿ, ಮತ್ತ ಖರ್ಚ."

ನಾನು ಕೇಳಿದೆ: "ತಾಯೀ, ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಒಂದ ಕಾಣಸ್ತದೋ, ಮೂರೋ?"

"ಒಂದ ಕಾಣಸ್ತದ್ರೀ."

"ಹಂಗಾದ್ರ ರೋಗ ನಿಮ್ಮ ಕಣ್ಣಿಗಲ್ಲ, ಈ ಪೆಟ್ಟಿಗಿಗೆ ಬಂದದ."

ಆ ಮುಖದ ಮೇಲೆ ಮೂಡಿದ ನಿರಾಳವನ್ನು ನಾನು ಮರೆಯಲಾರೆ. ಎಷ್ಟು ತಿಂಗಳಿನಿಂದ ಆ ಭಯವನ್ನು ಒಬ್ಬರೇ ನುಂಗಿಕೊಂಡಿದ್ದರೋ! ವಾಚಕರ ಮನೆಗಳಲ್ಲಿಯೂ ಇಂತಹ ಹಳೆಯ ಪೆಟ್ಟಿಗೆಗಳು ಇರಬಹುದು. ಇಂತಹ ಹಿರಿಯರಂತೂ ಇದ್ದೇ ಇದ್ದಾರೆ. ಆದುದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಡುತ್ತೇನೆ. ನಾನು ಮಠದಲ್ಲಿ ಓದಿದುದು ವ್ಯಾಕರಣ, ಕಾವ್ಯಗಳನ್ನೇ ಹೊರತು ಯಂತ್ರಶಾಸ್ತ್ರವನ್ನಲ್ಲ. ದುರಸ್ತಿಗಾಗಿ ಬೆಳಗಾವಿಯಿಂದ ಬಂದ ವೃದ್ಧ ಮೆಕ್ಯಾನಿಕರೊಬ್ಬರ ಬಳಿ ಎರಡು ದಿನ ಕುಳಿತು ಕೇಳಿ ತಿಳಿದುದನ್ನು ಇಲ್ಲಿ ಕ್ರಮವಾಗಿ ನಿವೇದಿಸುತ್ತೇನೆ.

ಸಾಮಾನ್ಯ ಹಳೆಯ ಟಿ.ವಿ.ಯಲ್ಲಿ ನಾವು ನೋಡುತ್ತಿದ್ದುದು ಪಿಕ್ಚರ್ ಟ್ಯೂಬಿನ ಮುಖವನ್ನೇ. ಪ್ರೊಜೆಕ್ಷನ್ ಟಿ.ವಿ.ಯ ರಚನೆ ಬೇರೆ. ಪೆಟ್ಟಿಗೆಯ ತಳದಲ್ಲಿ ಸುಮಾರು ಏಳು ಇಂಚಿನ ಮೂರು ಚಿಕ್ಕ ಟ್ಯೂಬುಗಳಿರುತ್ತವೆ. ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ಪ್ರತಿಯೊಂದರ ಮುಂದೆಯೂ ಒಂದು ಲೆನ್ಸ್. ಮೂರರಿಂದಲೂ ಹೊರಟ ಬೆಳಕು ಹಿಂಬದಿಯ ದೊಡ್ಡ ಕನ್ನಡಿಗೆ ತಾಗಿ, ಅಲ್ಲಿಂದ ಮುಂಬದಿಯ ಪರದೆಯ ಮೇಲೆ ಬೀಳುತ್ತದೆ. ಮೂರು ಬಣ್ಣದ ಮೂರು ಚಿತ್ರಗಳು ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದೆ ಕುಳಿತಾಗ ಮಾತ್ರ ನಮ್ಮ ಕಣ್ಣಿಗೆ ಒಂದೇ ಚಿತ್ರವಾಗಿ ತೋರುತ್ತದೆ. ಈ ಹೊಂದಾಣಿಕೆಗೆ ಕನ್ವರ್ಜೆನ್ಸ್ ಎಂದು ಹೆಸರು. ಅದು ತಪ್ಪಿದರೆ ಒಂದು ಮುಖ ಮೂರಾಗುತ್ತದೆ. ತಾಯಿಯವರು ಕಂಡುದು ಅದನ್ನೇ.

ಮೊದಲು ಬಂದ ದುರಸ್ತಿಗಾರನೊಬ್ಬನು ಪೆಟ್ಟಿಗೆಯನ್ನು ಬಿಚ್ಚಿಯೂ ನೋಡದೆ "ಟ್ಯೂಬ್ ಸತ್ತಾವ, ರದ್ದಿಗೆ ಹಾಕ್ರಿ" ಎಂದು ಹೇಳಿ ಹೋಗಿದ್ದನಂತೆ. ವೃದ್ಧ ಮೆಕ್ಯಾನಿಕರ ರೀತಿ ಬೇರೆ. ರೋಗ ತಿಳಿಯುವ ಮುನ್ನ ಮದ್ದು ಹೇಳಬಾರದೆಂಬುದು ಅವರ ನಿಯಮ.

ಮೊದಲನೆಯದಾಗಿ ಅವರು ಪರೀಕ್ಷಿಸಿದುದು ಟಿ.ವಿ.ಯನ್ನಲ್ಲ, ಅದಕ್ಕೆ ಬರುವ ಚಿತ್ರವನ್ನು. ಕೇಬಲ್ಲಿನ ಚಿತ್ರ ಮಸುಕಾಗಿ, ಬೇರೊಂದು ಡಿವಿಡಿ ಪ್ಲೇಯರಿನ ಚಿತ್ರ ಸ್ವಚ್ಛವಾಗಿ ಬಂದರೆ ದೋಷ ಟಿ.ವಿ.ಯದಲ್ಲ, ವೈರು, ಪಿನ್ನು ಅಥವಾ ಸೆಟ್ ಟಾಪ್ ಬಾಕ್ಸಿನದು. ಹಳದಿ ಪಿನ್ನಿನ ಒಂದೇ ತಂತಿಯಲ್ಲಿ ಬರುವ ಚಿತ್ರಕ್ಕಿಂತ ಕೆಂಪು, ಹಸಿರು, ನೀಲಿ ಪಿನ್ನುಗಳ ಮೂರು ತಂತಿಗಳಲ್ಲಿ ಬರುವ ಚಿತ್ರ ಎಷ್ಟೋ ಸ್ಪಷ್ಟ. ಎರಡೂ ಕಡೆ ಆ ಸೌಕರ್ಯವಿದ್ದರೆ ಅದನ್ನೇ ಬಳಸತಕ್ಕದ್ದು. ಮನುಷ್ಯರೆಲ್ಲ ಸೊರಗಿ ಉದ್ದವಾಗಿ ಕಂಡರೆ ಬಾಕ್ಸಿನ ಮೆನುವಿನಲ್ಲಿ ಚಿತ್ರದ ಅಳತೆಯನ್ನು 4:3ಕ್ಕೆ ಬದಲಿಸಿದರೆ ಸಾಕು. ಇವೆಲ್ಲ ಮನೆಯವರೇ ಮಾಡಬಹುದಾದ ಕೆಲಸಗಳು.

ಎರಡನೆಯದು ಧೂಳು. ಇಪ್ಪತ್ತು ವರುಷ ಒಳಗೆ ಕುಳಿತ ಧೂಳು ಕನ್ನಡಿಯನ್ನೂ ಲೆನ್ಸುಗಳನ್ನೂ ಆವರಿಸಿ ಚಿತ್ರವನ್ನು ಮಬ್ಬುಗೊಳಿಸುತ್ತದೆ. ಆದರೆ ಇದು ನಾವು ಮುಖ ನೋಡಿಕೊಳ್ಳುವ ಕನ್ನಡಿಯಂತಲ್ಲ. ನಮ್ಮ ಕನ್ನಡಿಯ ಕಲಾಯಿ ಗಾಜಿನ ಹಿಂದೆ ಇರುತ್ತದೆ. ಇದರದು ಮುಂದೆಯೇ ಇದ್ದು, ತಿಕ್ಕಿದರೆ ಗೀರು ಬಿದ್ದು ಶಾಶ್ವತವಾಗಿ ಕೆಡುತ್ತದೆ. ರದ್ದಿ ಕಾಗದ, ಒರಟು ಬಟ್ಟೆ, ಪುಡಿಗಳನ್ನು ಮುಟ್ಟಿಸಲೇಬಾರದು. ಮೆಕ್ಯಾನಿಕರು ಮೊದಲು ಗಾಳಿ ಊದಿ, ಮೃದುವಾದ ಬ್ರಶ್ಶಿನಿಂದ ಧೂಳು ತೆಗೆದು, ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಹಿಂಡಿದ ಮೆತ್ತನೆಯ ಹತ್ತಿಬಟ್ಟೆಯನ್ನು ಒತ್ತದೆ ಆಡಿಸಿದರು. ಮುಂಬದಿಯ ಪರದೆಯೂ ನವಿರಾದ ಗೆರೆಗಳುಳ್ಳ ಪ್ಲಾಸ್ಟಿಕ್ಕಿನದು. ಅದಕ್ಕೆ ಗಾಜು ಒರೆಸುವ ದ್ರಾವಣ ಸಲ್ಲದು.

ಮೂರನೆಯದನ್ನು ಕಂಡು ನಾನೇ ಬೆರಗಾದೆ. ಚಿಕ್ಕ ಟ್ಯೂಬುಗಳು ದೊಡ್ಡ ಪರದೆಯನ್ನು ಬೆಳಗಬೇಕಾದುದರಿಂದ ಅತಿಯಾಗಿ ಕಾಯುತ್ತವೆ. ಅವನ್ನು ತಂಪಾಗಿಡಲು ಟ್ಯೂಬು ಮತ್ತು ಲೆನ್ಸುಗಳ ನಡುವೆ ಗ್ಲೈಕಾಲ್ ಹಾಗೂ ಗ್ಲಿಸರಿನ್ ಸೇರಿದ ದ್ರವವನ್ನು ತುಂಬಿರುತ್ತಾರೆ. ಚಿತ್ರವು ಈ ದ್ರವದ ಮೂಲಕವೇ ಹಾದುಬರಬೇಕು. ವರುಷಗಳು ಕಳೆದಂತೆ ಅದರಲ್ಲಿ ಬೂಸಿನಂತಹ ಬಿಳಿಯ ಪೊರೆ ಬೆಳೆಯುತ್ತದೆ. ಆಗ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರಗಳ ಸುತ್ತ ಮಂಜಿನಲ್ಲಿನ ದೀಪದಂತೆ ಪ್ರಭೆ ಹರಡುತ್ತದೆ. ಮೆಕ್ಯಾನಿಕರು ಬ್ಯಾಟರಿ ಬಿಟ್ಟು ತೋರಿಸಿದಾಗ, ಕಣ್ಣಿಗೆ ಪೊರೆ ಬಂದಂತೆಯೇ ಆ ಲೆನ್ಸುಗಳ ಕೆಳಗೆ ಪೊರೆ ಬಂದಿದ್ದಿತು. ತಾಯಿಯವರ ಕಣ್ಣಿನ ಪೊರೆ ತೆಗೆಸಿಯಾಗಿತ್ತು. ಇನ್ನು ಪೆಟ್ಟಿಗೆಯ ಸರದಿ. ಹಳೆಯ ದ್ರವವನ್ನು ತೆಗೆದು, ಗಾಜನ್ನು ತೊಳೆದು, ಹೊಸದನ್ನು ತುಂಬಿದರು. ಈ ದ್ರವ ಸಿಹಿಯಾದರೂ ವಿಷ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಎಚ್ಚರ ವಹಿಸಬೇಕು.

ನಾಲ್ಕನೆಯದು ಕನ್ವರ್ಜೆನ್ಸ್. ಟಿ.ವಿ.ಯನ್ನು ಅರ್ಧ ತಾಸು ಹಚ್ಚಿಟ್ಟು, ಚೆನ್ನಾಗಿ ಕಾದ ಮೇಲೆ ಮೆನುವಿನಲ್ಲಿ ಈ ಆಯ್ಕೆಯನ್ನು ತೆರೆದರೆ ಪರದೆಯ ಮೇಲೆ ಅಡ್ಡ-ಉದ್ದ ಗೆರೆಗಳು ಮೂಡುತ್ತವೆ. ಹಸಿರನ್ನು ಆಧಾರವಾಗಿಟ್ಟುಕೊಂಡು, ರಿಮೋಟಿನಿಂದ ಕೆಂಪನ್ನೂ ನೀಲಿಯನ್ನೂ ಸರಿಸಿ ಅದರ ಮೇಲೆ ಕೂಡಿಸಬೇಕು. ಇಷ್ಟರಿಂದಲೇ ಎಷ್ಟೋ ಪೆಟ್ಟಿಗೆಗಳು ಸರಿಹೋಗುತ್ತವೆ. ಗೆರೆಗಳು ಬಿಲ್ಲಿನಂತೆ ಬಾಗಿದ್ದು, ಎಷ್ಟು ಒತ್ತಿದರೂ ಕದಲದಿದ್ದರೆ ಒಳಗಿನ ಕನ್ವರ್ಜೆನ್ಸ್ ಐ.ಸಿ. ಸುಟ್ಟಿರುವ ಸಂಭವವೇ ಹೆಚ್ಚು. ಖಾನಾಪುರದ ಪೆಟ್ಟಿಗೆಯಲ್ಲಿ ಆಗಿದ್ದುದು ಇದೇ. ಆ ಬಿಡಿಭಾಗವನ್ನು ಮೆಕ್ಯಾನಿಕರು ತಾವು ಕಾಯ್ದಿಟ್ಟಿದ್ದ ಹಳೆಯ ಪೆಟ್ಟಿಗೆಯೊಂದರಿಂದ ತೆಗೆದು ಕೂಡಿಸಿದರು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಈ ಪೆಟ್ಟಿಗೆಯ ಒಳಗೆ ಸುಮಾರು 30,000 ವೋಲ್ಟಿನ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೆಯೂ ಅದರ ಅಂಶ ಒಳಗೆ ಉಳಿದಿರುತ್ತದೆ. ಉತ್ಸಾಹದ ಹುಡುಗರು ಸ್ಕ್ರೂ ಡ್ರೈವರ್ ಹಿಡಿದು ಹಿಂಬದಿಯನ್ನು ಬಿಚ್ಚುವುದು ಪ್ರಾಣಾಪಾಯದ ಕೆಲಸ. ತಂತಿ, ಮೆನು, ಪರದೆಯ ಹೊರಮೈ, ಇಷ್ಟೇ ಮನೆಯವರ ಪಾಲು. ಉಳಿದುದು ಬಲ್ಲವರ ಪಾಲು.

ದುರಸ್ತಿಯಾದ ಮೇಲೆ ಕಾಪಾಡಿಕೊಳ್ಳುವ ಬಗೆಯನ್ನೂ ಅವರು ಹೇಳಿದರು. ಕಾಂಟ್ರಾಸ್ಟನ್ನು ಅರ್ಧಕ್ಕಿಂತ ಕೆಳಗೆ ಇಡಬೇಕು. ತುದಿಗೇರಿಸಿದರೆ ಟ್ಯೂಬುಗಳು ಬೇಗ ಸವೆಯುತ್ತವೆ. ಚಾನೆಲ್ಲಿನ ಗುರುತಿನಂತಹ ಕದಲದ ಚಿತ್ರ ದಿನವಿಡೀ ನಿಂತರೆ ಅದರ ಅಚ್ಚು ಟ್ಯೂಬಿನಲ್ಲಿ ಸುಟ್ಟು ಉಳಿಯುತ್ತದೆ, ಅದಕ್ಕೆ ಮದ್ದಿಲ್ಲ. ಖಾನಾಪುರದಂತಹ ಮಳೆನಾಡಿನಲ್ಲಿ ಪೆಟ್ಟಿಗೆಯನ್ನು ಒದ್ದೆ ಗೋಡೆಯಿಂದ ಗೇಣು ದೂರ ಇಟ್ಟು ಗಾಳಿಯಾಡಿಸಬೇಕು.

ಅದೇ ತೇವ ಕ್ಯಾಸೆಟ್ಟನ್ನೂ ಬಿಡುವುದಿಲ್ಲ. ತಾಯಿಯವರ ಕ್ಯಾಸೆಟ್ಟಿನ ಅಂಚಿನಲ್ಲಿ ಆಗಲೇ ಬಿಳಿಯ ಬೂಸು ಕಾಣಿಸಿಕೊಂಡಿದ್ದಿತು. ಬೂಸು ಹತ್ತಿದ ಕ್ಯಾಸೆಟ್ಟನ್ನು ಹಾಗೆಯೇ ಓಡಿಸಿದರೆ ಟೇಪು ಹರಿಯಬಹುದು, ವಿಸಿಆರ್ ಕೂಡ ಕೆಡಬಹುದು. ವಿಸಿಆರ್ ತಯಾರಿಕೆ 2016ರಲ್ಲಿಯೇ ಜಗತ್ತಿನಲ್ಲಿ ನಿಂತುಹೋಯಿತು. ಆದುದರಿಂದ ಮಗನಿಗೆ ಫೋನು ಮಾಡಿಸಿ, ಬಲ್ಲವರಿಂದ ಅದನ್ನು ಶುಚಿಗೊಳಿಸಿ ಡಿಜಿಟಲ್ ಪ್ರತಿ ಮಾಡಿಸುವ ಏರ್ಪಾಡಾಯಿತು. ವಾಚಕರಲ್ಲಿ ನನ್ನ ಮುಖ್ಯ ವಿನಂತಿಯೂ ಇದೇ. ಟಿ.ವಿ. ಹೋದರೆ ಇನ್ನೊಂದು ಬಂದೀತು. ಕ್ಯಾಸೆಟ್ಟಿನೊಳಗಿನ ಹಿರಿಯರು ಹೋದರೆ ಮರಳಿ ಬಾರರು. ಮೊದಲು ಅದರ ಪ್ರತಿ ಮಾಡಿಸಿರಿ.

ಹಾಗೆಂದು ಹಳೆಯ ಪೆಟ್ಟಿಗೆಯನ್ನು ಎಲ್ಲರೂ ಉಳಿಸಿಕೊಳ್ಳಲೇಬೇಕೆಂದು ನಾನು ಹೇಳಲಾರೆ. ಸೋನಿ ಸಂಸ್ಥೆ ಈ ಬಗೆಯ ಟಿ.ವಿ.ಗಳಿಂದ ಹಿಂದೆ ಸರಿಯುವುದಾಗಿ 2007ರಲ್ಲಿ ಸಾರಿತು. ಕೊನೆಯವರೆಗೂ ಉಳಿದಿದ್ದ ಮಿತ್ಸುಬಿಷಿಯೂ 2012ರಲ್ಲಿ ಕೈಬಿಟ್ಟಿತು. ಟ್ಯೂಬುಗಳೇ ಸವೆದುಹೋಗಿದ್ದರೆ ಹಣ ಸುರಿಯುವುದು ವ್ಯರ್ಥ. ಬೀಳ್ಕೊಡುವಾಗಲೂ ವಿವೇಕ ಬೇಕು: ಟ್ಯೂಬಿನ ಗಾಜಿನಲ್ಲಿ ಸೀಸವಿರುತ್ತದೆ, ಒಳಗೆ ನಿರ್ವಾತವಿರುವುದರಿಂದ ಒಡೆದರೆ ಚೂರುಗಳು ಸಿಡಿಯುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಇದು ನೋಂದಾಯಿತ ಸಂಸ್ಕರಣೆದಾರರಿಗೆ ಸೇರಬೇಕೇ ಹೊರತು ಮಲಪ್ರಭೆಯ ದಂಡೆಗಲ್ಲ.

ಎರಡನೆಯ ದಿನದ ಸಂಜೆ, ಮಗನು ಮಾಡಿಸಿ ತಂದ ಪ್ರತಿಯನ್ನು ಹಾಕಿದರು. ಕೆಂಪು ಟ್ಯೂಬು ತುಸು ಸವೆದುದರಿಂದ ಬಣ್ಣ ಮೊದಲಿನಂತೆ ತುಂಬಿ ಬರಲಿಲ್ಲ. ಆದರೆ ಮದುವೆಯ ಹಂದರದಲ್ಲಿ ರುಮಾಲು ಸರಿಪಡಿಸಿಕೊಳ್ಳುತ್ತಾ ಬಂದ ಯಜಮಾನರ ಮುಖ ಒಂದೇ ಆಗಿದ್ದಿತು. ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನ ಕಡೆ ತಿರುಗಿ, "ಯಪ್ಪಾ, ನನ್ನ ಕಣ್ಣ ಛಲೋ ಅದಾವ" ಎಂದರು.

ಮಗನಿಗೆ ಆ ಮಾತಿನ ಅರ್ಥವಾಗಲಿಲ್ಲ. ಹೊರಗೆ ಬಂದ ಮೇಲೆ ಎಲ್ಲವನ್ನೂ ನಾನೇ ಅವನಿಗೆ ತಿಳಿಸಿದೆ. ವಾರಕ್ಕೊಮ್ಮೆ ಬರುವಾಗ ತಾಯಿಗೆ ಏನು ಬೇಕೆಂದು ಕೇಳುವುದರ ಜೊತೆಗೆ ಏನು ಕಾಣಿಸುತ್ತಿದೆ, ಏನು ಕೇಳಿಸುತ್ತಿದೆ ಎಂಬುದನ್ನೂ ಕೇಳುತ್ತಿರಬೇಕೆಂದು ಹೇಳಿದೆ. ಹಿರಿಯರುಳ್ಳ ಪ್ರತಿಯೊಂದು ಮನೆಗೂ ನನ್ನ ಮಾತು ಇಷ್ಟೇ.