ಹೀರಿಕೆ ಹೆಚ್ಚಿದರೆ ಅರಿಶಿನವೂ ಔಷಧವೇ

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಹೊರಬಂದ ಒಂದು ಸಣ್ಣ ಅಧ್ಯಯನ ಅರಿಶಿನದ ಮಾರುಕಟ್ಟೆಯ ದಿಕ್ಕನ್ನೇ ಬದಲಿಸಿತು. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಅನ್ನು ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂನಷ್ಟು ನುಂಗಿಸಿದಾಗ ಅವರ ರಕ್ತದಲ್ಲಿ ಒಂದೋ ಅದರ ಸುಳಿವೇ ಸಿಗಲಿಲ್ಲ, ಇಲ್ಲವೇ ಸಿಕ್ಕದ್ದು ತೀರಾ ಕಡಿಮೆ. ಕಾಳುಮೆಣಸಿನ ಖಾರದ ಅಂಶವಾದ ಪೈಪರೀನ್ ಅನ್ನು 20 ಮಿಲಿಗ್ರಾಂ ಜೊತೆಗೆ ಕೊಟ್ಟಾಗ ರಕ್ತದಲ್ಲಿ ಅದರ ಲಭ್ಯತೆ ಶೇ 2000ರಷ್ಟು ಏರಿತು. ‘ಪ್ಲಾಂಟಾ ಮೆಡಿಕಾ’ ಪತ್ರಿಕೆಯಲ್ಲಿ ಅಚ್ಚಾದ ಆ ಅಂಕಿ ಇಂದು ಅರಿಶಿನದ ಕ್ಯಾಪ್ಸೂಲ್ ಮಾರುವವರ ಮೂಲಮಂತ್ರ.

ಬೆಂಗಳೂರಿನ ಬಡಾವಣೆಯಿರಲಿ, ಚೆನ್ನೈನ ಐಟಿ ರಸ್ತೆಯಿರಲಿ, ಇಂಥ ಕ್ಯಾಪ್ಸೂಲ್ ಕೊಳ್ಳಲು ಯಾರ ಚೀಟಿಯೂ ಬೇಕಿಲ್ಲ. ಮೊಬೈಲ್‌ನಲ್ಲಿ ಒತ್ತಿದರೆ ಮನೆಬಾಗಿಲಿಗೆ ಬರುತ್ತದೆ. ‘ಅಡುಗೆಮನೆಯ ಅರಿಶಿನ ತಾನೆ, ಏನಾದೀತು’ ಎಂಬ ನಂಬಿಕೆಯೇ ಈ ವ್ಯಾಪಾರದ ಬಂಡವಾಳ. ಆದರೆ ಹೀರಿಕೆಯನ್ನು ಉದ್ದೇಶಪೂರ್ವಕವಾಗಿ ಹೆಚ್ಚಿಸಿದ ಅರಿಶಿನ ಅಡುಗೆಮನೆಯದ್ದಲ್ಲ. ಅದನ್ನು ಔಷಧವೆಂದೇ ಪರೀಕ್ಷಿಸಬೇಕು, ಔಷಧವೆಂದೇ ಮಾರಬೇಕು.

ಕರ್ಕ್ಯುಮಿನ್ ನೀರಿನಲ್ಲಿ ಬಹುತೇಕ ಕರಗುವುದೇ ಇಲ್ಲ. ಎಣ್ಣೆ, ತುಪ್ಪದಂಥ ಜಿಡ್ಡಿನಲ್ಲಿ ಬೆರೆಯುತ್ತದೆ. ಕರುಳಿನಲ್ಲಿ ಪಿತ್ತರಸದ ನೆರವಿನಿಂದ ಒಂದಿಷ್ಟು ಒಳಸೇರಿದರೂ ಕರುಳಿನ ಗೋಡೆ ಮತ್ತು ಯಕೃತ್ತಿನ ಕಿಣ್ವಗಳು ಅದಕ್ಕೆ ಬೇರೆ ಅಣುಗಳನ್ನು ಅಂಟಿಸಿ, ನೀರಿಗೆ ಒಗ್ಗುವಂತೆ ಮಾಡಿ ಬೇಗ ಹೊರಹಾಕುತ್ತವೆ. ಗಿಡಮೂಲದ ಇನ್ನೂ ಹಲವು ಸಾರಗಳ ಪಾಡು ಇದೇ. ಇದನ್ನು ಮೀರಲು ವಿಜ್ಞಾನ ಎರಡು ದಾರಿ ಹಿಡಿದಿದೆ. ಸಾರವನ್ನು ಕೊಬ್ಬಿನ ಕಣಗಳಲ್ಲಿ ಅಡಗಿಸಿ ಅಥವಾ ನ್ಯಾನೊ ಗಾತ್ರಕ್ಕೆ ಒಡೆದು ಕರಗುವಂತೆ ಮಾಡುವುದು ಒಂದು. ಕಿಣ್ವಗಳ ಕೆಲಸವನ್ನೇ ತಡೆಹಿಡಿಯುವುದು ಇನ್ನೊಂದು. ಪೈಪರೀನ್‌ನದು ಮುಖ್ಯವಾಗಿ ಎರಡನೆಯ ದಾರಿ.

ಶೇ 2000 ಎಂಬ ಅಂಕಿಯನ್ನು ಬಿಡಿಸಿ ನೋಡೋಣ. ಪೈಪರೀನ್ ಸೇರಿದ ಮೇಲೂ ಸ್ವಯಂಸೇವಕರ ಪ್ರತಿ ಮಿಲಿಲೀಟರ್ ಸೀರಂನಲ್ಲಿ ಕಂಡ ಕರ್ಕ್ಯುಮಿನ್‌ನ ಗರಿಷ್ಠ ಮಟ್ಟ ಸರಾಸರಿ 0.18 ಮೈಕ್ರೋಗ್ರಾಂ ಮಾತ್ರ. ಆ ಏರಿಕೆ ಕಂಡದ್ದೂ ಮೊದಲ ಒಂದು ಗಂಟೆಯೊಳಗೆ. ಶೂನ್ಯಕ್ಕೆ ಹತ್ತಿರದ ಸಂಖ್ಯೆಯನ್ನು ಇಪ್ಪತ್ತು ಪಟ್ಟು ಹೆಚ್ಚಿಸಿದರೂ ಅದು ಸಣ್ಣ ಸಂಖ್ಯೆಯೇ. ಪ್ರಮಾಣವನ್ನೂ ಗಮನಿಸಬೇಕು. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3. ಎಂದರೆ 2 ಗ್ರಾಂ ಕರ್ಕ್ಯುಮಿನ್‌ಗೆ 65 ಗ್ರಾಂನಷ್ಟು ಪುಡಿ ಬೇಕು. ಯಾವ ಮನೆಯ ಸಾರಿಗೂ ಅಷ್ಟು ಬೀಳುವುದಿಲ್ಲ. ಬೇರೆ ತಂತ್ರಗಳ ಉತ್ಪನ್ನಗಳು ‘ನೂರು ಪಟ್ಟು ಹೆಚ್ಚು’ ಎನ್ನುವಾಗಲೂ ಎಚ್ಚರ ಬೇಕು. ಇಂಥ ಹಲವು ಲೆಕ್ಕಗಳಲ್ಲಿ ದೇಹ ಆಗಲೇ ಮಾರ್ಪಡಿಸಿದ ರೂಪಗಳನ್ನೂ ಕರ್ಕ್ಯುಮಿನ್ ಎಂದೇ ಎಣಿಸಲಾಗಿರುತ್ತದೆ.

ಅಷ್ಟಕ್ಕೂ ರಕ್ತಕ್ಕೆ ಸೇರುವುದು ಬೇರೆ, ರೋಗ ವಾಸಿಮಾಡುವುದು ಬೇರೆ. 2017ರಲ್ಲಿ ‘ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿ’ಯಲ್ಲಿ ಬಂದ ವಿಮರ್ಶೆ, ಕರ್ಕ್ಯುಮಿನ್ ಮೇಲೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಪ್ರಸ್ತಾಪಿಸಿ, ಕಟ್ಟುನಿಟ್ಟಿನ ದ್ವಿಮುಖ ಗೋಪ್ಯ ಪರೀಕ್ಷೆಯಲ್ಲಿ ಅದು ಗೆದ್ದ ನಿದರ್ಶನವಿಲ್ಲ ಎಂದು ಹೇಳಿತು. ಆ ನಿಲುವನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ವಾದ ಇತ್ಯರ್ಥವಾಗುವ ಮೊದಲೇ ಸರಕು ಬಿಕರಿಯಾಗುತ್ತಿದೆ.

ಊಟದ ಅರಿಶಿನದ ಬಗ್ಗೆ ಹೆಚ್ಚು ಉಪಯುಕ್ತವಾದ ಮಾತು ಹೇಳಿದ್ದು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಅಲ್ಲಿನ ಕೆ. ಶ್ರೀನಿವಾಸನ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಅರಿಶಿನವನ್ನು ಬೇಯಿಸಿ ನೋಡಿದರು. ಬಿಸಿಗೆ ಕರ್ಕ್ಯುಮಿನ್ ಶೇ 27ರಿಂದ 53ರಷ್ಟು ನಷ್ಟವಾಯಿತು. ಹತ್ತು ನಿಮಿಷ ಕುಕ್ಕರಿನಲ್ಲಿಟ್ಟಾಗ ನಷ್ಟ ಅತಿ ಹೆಚ್ಚು. ಹುಣಸೆಹಣ್ಣು ಸೇರಿಸಿದಾಗ ಅದು ಶೇ 12–30ಕ್ಕೆ ಇಳಿಯಿತು. ಬೆಳ್ಳುಳ್ಳಿ, ಈರುಳ್ಳಿ ಸೇರಿದರೆ ಕಾಳು, ಧಾನ್ಯಗಳ ಕಬ್ಬಿಣ ಮತ್ತು ಸತುವು ದೇಹಕ್ಕೆ ಹೆಚ್ಚು ದಕ್ಕುವ ರೂಪಕ್ಕೆ ಬರುತ್ತವೆ ಎಂದೂ ಅದೇ ಸಂಸ್ಥೆ ತೋರಿಸಿದೆ. ರಕ್ತಹೀನತೆ ಕಾಡುವ ನಾಡಿಗೆ ಇದು ದುಬಾರಿ ಗುಳಿಗೆಗಿಂತ ದೊಡ್ಡ ಕೊಡುಗೆ.

ಹಾಗೆಂದು ಕಿಣ್ವಗಳನ್ನು ತಡೆಹಿಡಿಯುವ ತಂತ್ರ ಕೆಟ್ಟದ್ದೇನಲ್ಲ. ಅದರ ಒಳ್ಳೆಯ ಬಳಕೆಯೂ ನಮ್ಮ ದೇಶದಲ್ಲೇ ಆಗಿದೆ. ಜಮ್ಮುವಿನ ಸಿಎಸ್‌ಐಆರ್ ಪ್ರಯೋಗಾಲಯ ಮತ್ತು ಕ್ಯಾಡಿಲಾ ಫಾರ್ಮಾಸ್ಯೂಟಿಕಲ್ಸ್ ರೂಪಿಸಿದ ‘ರಿಸೊರಿನ್’ ಎಂಬ ಕ್ಷಯದ ಔಷಧಕ್ಕೆ 2009ರಲ್ಲಿ ಅನುಮತಿ ಸಿಕ್ಕಿತು. 10 ಮಿಲಿಗ್ರಾಂ ಪೈಪರೀನ್ ಸೇರಿಸಿದ್ದರಿಂದ ಕ್ಷಯದ ಮುಖ್ಯ ಮದ್ದಾದ ರಿಫಾಂಪಿಸಿನ್ 450 ಮಿಲಿಗ್ರಾಂ ಬದಲು 200 ಮಿಲಿಗ್ರಾಂ ಸಾಕಾಯಿತು. ಅಲ್ಲಿ ಪ್ರಮಾಣ ನಿಗದಿಯಾಯಿತು, ರೋಗಿಗಳ ಮೇಲೆ ಪರೀಕ್ಷೆ ನಡೆಯಿತು, ಔಷಧ ನಿಯಂತ್ರಕರು ಒಪ್ಪಿದರು. ಕ್ಷಯದ ಮಾತ್ರೆಯ ಶಕ್ತಿಯನ್ನು ದುಪ್ಪಟ್ಟು ಮಾಡಬಲ್ಲ ಅದೇ ಪೈಪರೀನ್ ‘ಪೂರಕ ಆಹಾರ’ದ ಡಬ್ಬಿಯಲ್ಲಿ ಬಂದಾಗ ಯಾರೂ ಕೇಳುವುದಿಲ್ಲ. ಮೂರ್ಛೆರೋಗದ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರಾನೊಲಾಲ್, ಉಬ್ಬಸದ ಥಿಯೊಫಿಲಿನ್ ಇವುಗಳ ಮಟ್ಟವನ್ನೂ ಅದು ರಕ್ತದಲ್ಲಿ ಏರಿಸಬಲ್ಲದು. ನಿತ್ಯ ನಾಲ್ಕಾರು ಮಾತ್ರೆ ನುಂಗುವ ಹಿರಿಯರೇ ಮಂಡಿನೋವಿಗೆಂದು ಅರಿಶಿನದ ಕ್ಯಾಪ್ಸೂಲ್‌ನ ಮೊರೆಹೋಗುವವರು ಎಂಬುದನ್ನು ಮರೆಯಬಾರದು.

ಅಪಾಯ ಬರೀ ಊಹೆಯಲ್ಲ. ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ಸಂಶೋಧನಾ ಜಾಲ 2022ರಲ್ಲಿ ಅರಿಶಿನದ ಉತ್ಪನ್ನಗಳಿಗೆ ಸಂಬಂಧಿಸಿದ ಹತ್ತು ಪ್ರಕರಣಗಳನ್ನು ಪ್ರಕಟಿಸಿತು. ಒಬ್ಬರು ಸತ್ತಿದ್ದರು. ಪರೀಕ್ಷಿಸಿದ ಏಳು ಉತ್ಪನ್ನಗಳ ಪೈಕಿ ಮೂರರಲ್ಲಿ ಪೈಪರೀನ್ ಇತ್ತು. ಹತ್ತರಲ್ಲಿ ಏಳು ಮಂದಿಗೆ ಒಂದೇ ಬಗೆಯ ವಂಶವಾಹಿ ಗುರುತು ಇದ್ದುದರಿಂದ, ಅಪಾಯ ಎಲ್ಲರಿಗೂ ಸಮಾನವಲ್ಲ ಎಂದೂ ತಿಳಿಯುತ್ತದೆ. ಇಂಥ ಪ್ರಕರಣಗಳನ್ನು ಕಂಡ ಇಟಲಿ, ಡಬ್ಬಿಯ ಮೇಲೆ ಎಚ್ಚರಿಕೆ ಮುದ್ರಿಸುವುದನ್ನು ಕಡ್ಡಾಯ ಮಾಡಿದೆ.

ನಮ್ಮಲ್ಲಿ ಈ ಕ್ಯಾಪ್ಸೂಲ್‌ಗಳು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ವ್ಯಾಪ್ತಿಯ ಆಹಾರ ಪದಾರ್ಥಗಳು. ‘ಔಷಧೀಯ ಬಳಕೆಗಲ್ಲ’ ಎಂಬ ಸಾಲು ಡಬ್ಬಿಯ ಮೇಲಿರುತ್ತದೆ. ಕೊಳ್ಳುವವರ ಉದ್ದೇಶ ಮಾತ್ರ ಔಷಧದ್ದೇ. ಈ ಅಂತರವನ್ನು ಮುಚ್ಚಲು ಮೂರು ಕೆಲಸ ಆಗಬೇಕು. ಹೀರಿಕೆ ಹೆಚ್ಚಿಸಿದ್ದೇವೆ ಎನ್ನುವ ಪ್ರತಿ ಉತ್ಪನ್ನವೂ ಮಾರ್ಪಡದ ಸಾರ ರಕ್ತದಲ್ಲಿ ಎಷ್ಟು ಸಿಕ್ಕಿತು ಎಂಬುದನ್ನು ಮನುಷ್ಯರ ಮೇಲಿನ ಪರೀಕ್ಷೆಯಿಂದ ತೋರಿಸಬೇಕು. ಪೈಪರೀನ್‌ನ ಪ್ರಮಾಣ, ಯಾವ ಔಷಧ ಸೇವಿಸುವವರು ದೂರವಿರಬೇಕು, ಯಕೃತ್ತಿನ ತೊಂದರೆಯ ಲಕ್ಷಣಗಳೇನು ಎಂಬುದು ಕನ್ನಡವೂ ಸೇರಿ ಆಯಾ ರಾಜ್ಯದ ಭಾಷೆಯಲ್ಲಿ ಅಚ್ಚಾಗಬೇಕು. ಅಡ್ಡಪರಿಣಾಮವನ್ನು ವರದಿ ಮಾಡುವ ಹೊಣೆ ಔಷಧ ಕಂಪನಿಗಿರುವಂತೆ ಇವುಗಳ ತಯಾರಕರಿಗೂ ಇರಬೇಕು.

ಇದರಿಂದ ಅರಿಶಿನದ ಹೆಸರು ಕೆಡುತ್ತದೆ ಎಂಬ ಅಳುಕು ಬೇಡ. ಚಾಮರಾಜನಗರದಲ್ಲೂ ಗಡಿಯಾಚೆಯ ತಾಳವಾಡಿಯ ಕನ್ನಡ ಊರುಗಳಲ್ಲೂ ಅರಿಶಿನ ಬೆಳೆದು ಈರೋಡ್ ಮಾರುಕಟ್ಟೆಗೆ ಒಯ್ಯುವ ರೈತರ ಬದುಕು ಆ ಹೆಸರನ್ನೇ ನಂಬಿದೆ. ಪೊಳ್ಳು ಭರವಸೆಯ ಗುಳಿಗೆಯೊಂದು ಹಾನಿ ಮಾಡಿದರೆ ಬೆಲೆ ಕುಸಿಯುವುದು ಅವರ ಅಂಗಳದಲ್ಲಿ. ಹೀರಿಕೆಯ ವಿಜ್ಞಾನಕ್ಕೆ ದಾರಿ ತೋರಿದ ನಾಡು ಅದರ ಕಟ್ಟುಪಾಡಿನಲ್ಲೂ ಮುಂದಿರಬೇಕು. ಕೇಂದ್ರದ ಆದೇಶಕ್ಕೆ ಕಾಯದೆ, ಯಕೃತ್ತಿನ ಹಾನಿಯೊಂದಿಗೆ ಬರುವ ಪ್ರತಿ ರೋಗಿಯನ್ನೂ ‘ಯಾವ ಪೂರಕ ತೆಗೆದುಕೊಳ್ಳುತ್ತಿದ್ದೀರಿ’ ಎಂದು ಕೇಳಿ ದಾಖಲಿಸುವ ಕೆಲಸವನ್ನು ಕರ್ನಾಟಕದ ಆಸ್ಪತ್ರೆಗಳು ಈಗಲೇ ಶುರುಮಾಡಬಹುದು.