‘ಆ್ಯಡ್’ ಬಿಟ್ಟರೆ ಏನಾಗುತ್ತದೆ?

ಟ್ರಂಕ್ ಪೋರ್ಟಿನಲ್ಲಿ 10 ಮತ್ತು 20ನೇ ವಿಲ್ಯಾನ್‌ಗಳು ಓಡುತ್ತಿವೆ. ಜೊತೆಗೆ 30ನ್ನೂ ಸೇರಿಸಬೇಕು. ನೆಟ್‌ವರ್ಕಿಂಗ್ ಕಲಿಯುತ್ತಿರುವ ಹುಡುಗ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಟೈಪ್ ಮಾಡಿ ಎಂಟರ್ ಒತ್ತಿದ್ದೇ ತಡ, ಹಳೆಯ ಎರಡೂ ಬಂದ್. 30ರ ಹಿಂದೆ ‘ಆ್ಯಡ್’ ಹಾಕಲು ಮರೆತಿದ್ದ. ‘ಇದೊಂದೇ ಸಾಕು’ ಎಂದು ಸಿಸ್ಕೊ ಸ್ವಿಚ್ ತಿಳಿಯಿತು. ಲ್ಯಾಬಿನಲ್ಲಿ ಈ ಪೆಟ್ಟು ತಿಂದವರು ಕೆಲಸದ ಜಾಗದಲ್ಲಿ ಹುಷಾರಾಗಿರುತ್ತಾರೆ. ಬೇರೆಯವರ ಸ್ಕ್ರಿಪ್ಟ್ ಓಡಿಸಿ ಕಲಿತವರಿಗೆ ಪೆಟ್ಟೇ ಬೀಳುವುದಿಲ್ಲ.

ಸಿಸ್ಕೊ 2020ರಲ್ಲಿ ತನ್ನ ಸರ್ಟಿಫಿಕೇಟ್‌ಗಳನ್ನೆಲ್ಲ ಹೊಸದಾಗಿ ಜೋಡಿಸಿದಾಗ ಪಠ್ಯಕ್ಕೆ ಪೈಥಾನ್, ಆಟೊಮೇಷನ್ ಬಂದವು. ಕೈಯಲ್ಲಿ ಟೈಪ್ ಮಾಡುವ ಕಾಲ ಮುಗಿಯಿತು ಎಂಬ ಮಾತಿಗೆ ಆಗ ಬಲ ಬಂತು. ಆದರೆ ಆ ವರ್ಷದ ಸಿಸಿಎನ್ಎ ಪಠ್ಯವನ್ನೇ ನೋಡಿ: ಆಟೊಮೇಷನ್‌ಗೆ ಶೇ 10, ರೂಟಿಂಗ್ ಇರುವ ಭಾಗಕ್ಕೆ ಶೇ 25.

ಇನ್ನೊಂದು ಉದಾಹರಣೆ. ಎರಡು ರೂಟರ್‌ಗಳ ನಡುವೆ ಒಎಸ್‌ಪಿಎಫ್ ಎಬ್ಬಿಸಬೇಕು. ಆಟೊಮೇಷನ್ ಸಾಧನ ಅನ್ಸಿಬಲ್ ತನ್ನ ಕೆಲಸ ಮುಗಿಸಿ ‘ಚೇಂಜ್ಡ್’ ಎನ್ನುತ್ತದೆ. ಪಿಂಗ್ ಕೂಡ ಹೋಗುತ್ತದೆ. ನೆರೆಯ ರೂಟರ್ ಮಾತ್ರ ‘ಎಕ್ಸ್‌ಸ್ಟಾರ್ಟ್’ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ. ಕಾರಣ, ಒಂದು ತುದಿಯಲ್ಲಿ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1500, ಇನ್ನೊಂದರಲ್ಲಿ 1400. ಸ್ಕ್ರಿಪ್ಟ್ ತಪ್ಪೇನೂ ಮಾಡಿಲ್ಲ, ಹೇಳಿದ್ದನ್ನು ಮಾಡಿದೆ. ಇಂಟರ್‌ಫೇಸುಗಳನ್ನು ಒಂದೊಂದಾಗಿ ತಾನೇ ಕಟ್ಟಿದವನ ಕಣ್ಣು ಎಂಟಿಯು ಕಡೆಗೆ ಬೇಗ ಹೋಗುತ್ತದೆ.

ದೊಡ್ಡವರೂ ಇಂಥ ಪೆಟ್ಟಿಗೆ ಹೊರತಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು 6 ಗಂಟೆ ಮಾಯವಾಯಿತು. ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್ ಬೆನ್ನೆಲುಬಿನ ಜಾಲವನ್ನೇ ಕಡಿದುಹಾಕಿತ್ತು. ಅದನ್ನು ತಡೆಯಬೇಕಿದ್ದ ತಪಾಸಣಾ ಸಾಫ್ಟ್‌ವೇರಿನಲ್ಲೇ ದೋಷವಿತ್ತು. ಕೊನೆಗೆ ಎಂಜಿನಿಯರ್‌ಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು.

ಹಾಗೆಂದು ಎಲ್ಲವನ್ನೂ ಕುಟ್ಟುತ್ತ ಕೂರುವುದು ಹಟಮಾರಿತನ. 20 ರೂಟರ್‌ಗಳಿಗೆ ಹೆಸರು, ಐಪಿ ವಿಳಾಸ ಕೊಡುವುದು ಗುಮಾಸ್ತಿಕೆ. ಅದನ್ನು ಧಾರಾಳವಾಗಿ ಸ್ಕ್ರಿಪ್ಟ್‌ಗೆ ಬಿಡಬಹುದು. ಆ ದಿನ ಕಲಿಯಬೇಕಾದ ವಿಷಯ ಬಿಜಿಪಿ ಆಗಿದ್ದರೆ ಬಿಜಿಪಿಯನ್ನಷ್ಟೇ ಕೈಯಲ್ಲಿ ಮಾಡಬೇಕು, ಕೆಡಿಸಬೇಕು, ಮತ್ತೆ ಸರಿಪಡಿಸಬೇಕು. ಅದು ಬೆರಳಿಗೆ ಹತ್ತಿದ ಮೇಲೆ ಅದೇ ಕಾನ್ಫಿಗರೇಷನ್ನಿಗೆ ಪೈಥಾನ್ ಬರೆದರೆ ಎರಡೂ ಪಾಠ ಒಟ್ಟಿಗೆ ಆಗುತ್ತವೆ. ಈ ಕ್ರಮವನ್ನು ತಿರುವುಮುರುವು ಮಾಡುವ ಕೋಚಿಂಗ್ ಕ್ಲಾಸುಗಳು ವಿದ್ಯಾರ್ಥಿಯ ಸಮಯ ಉಳಿಸುತ್ತಿಲ್ಲ, ಕಲಿಕೆಯನ್ನು ಕಸಿಯುತ್ತಿವೆ.

ಬೆಂಗಳೂರಿನಲ್ಲೂ ನಡೆಯುವ ಸಿಸ್ಕೊದ 8 ಗಂಟೆಯ ಸಿಸಿಐಇ ಲ್ಯಾಬ್ ಪರೀಕ್ಷೆಗೆ ಮನೆಯಲ್ಲಿ ಬರೆದಿಟ್ಟ ನೋಟ್ಸನ್ನು ಒಯ್ಯುವಂತಿಲ್ಲ; ಬೆರಳಿಗೆ ಹತ್ತಿದ್ದಷ್ಟೇ ಜೊತೆಗೆ ಬರುತ್ತದೆ.